ಅವನ ಹಾಡಿನ ಮೇಲೆ ನನ್ನ ಮಾತು

ನನಗೆ ಅಕ್ಷರ ಬರುವುದಿಲ್ಲ, ಅದಕ್ಕೇ ಈ ಕ್ಯಾಸೆಟ್ಟು, ತಿರುಗುತ್ತಿದೆ, ಕರಕರ ಸದ್ದು ಒಲೆಯದೋ ಇದರದೋ — ಗಂಡ ದುರ್ಸುನ್ ಜರ್ಮನಿಯ ಗಣಿಯೂರಿನಿಂದ ಇದರಲ್ಲೇ ಮಾತಾಡಿ ಕಳಿಸುತ್ತಿದ್ದ, ಕೊನೆಗೆ ಸಾಜ್‌ನ ತಂತಿ ಮೀಟಿ ಒಂದು ಹಾಡು, ತಾನೇ ಕಟ್ಟಿದ್ದು, ಪ್ರತಿ ಸಲ ಹೊಸದು, ಕೊಟ್ಟಿಗೆಯಲ್ಲಿ ಕೂತು ಕೇಳಿ ಚೆನ್ನಾಗಿ ಅತ್ತುಬಿಡುತ್ತಿದ್ದೆ, ಅತ್ತ ಮೇಲೆ ಎದೆ ಹಗುರ, ಹಾಲು ಕರೆಯಲು ಕೈಗೆ ಬಲ, ಆಮೇಲೆ ಅದೇ ಕ್ಯಾಸೆಟ್ಟಿನಲ್ಲಿ ನನ್ನ ಉತ್ತರ, ಅವನದರ ಮೇಲೆ ನನ್ನದು, ನನ್ನದರ ಮೇಲೆ ಅವನದು, ಊರಿನ ಹೆಂಗಸರೆಲ್ಲ ಹಾಗೇ ಮಾಡುವುದು, ಹಳೆಯದು ಅಳಿಸಿಹೋಗುತ್ತದೆ ಎಂದು ಗೊತ್ತಿತ್ತು, ಹೋಗಲಿ, ಇನ್ನೊಂದು ಬರುತ್ತದಲ್ಲ. ಅವನ ಅವ್ವನಿಗೆ ಮೂರು ಕೂಸು ಹೋದ ಮೇಲೆ ಹುಟ್ಟಿದವನು, ನಮ್ಮ ಮಾತಲ್ಲಿ ದುರ್ಸುನ್ ಅಂದರೆ ಇರಲಿ ಎಂದು, ಇರಲಿಲ್ಲ, ಗಣಿ ಕುಸಿಯಿತು, ಶವಪೆಟ್ಟಿಗೆಯ ಹಿಂದೆ ಅವನ ಕೋಟು ಬಂತು, ಕೋಟಿನ ಜೇಬಿನಲ್ಲಿ ಇದು. ಇವತ್ತು ನಲವತ್ತನೆಯ ದಿನದ ಪ್ರಾರ್ಥನೆಯೂ ಮುಗಿಯಿತು, ಕಣ್ಣಲ್ಲಿ ಒಂದು ಹನಿ ಇಲ್ಲ, ಹಲ್ವ ತಿಂದು ಹೋದವರು ಬಾಗಿಲಲ್ಲೇ ಕಲ್ಲು ಕಣ್ರೀ ಅವಳು ಅಂದರು, ನಾದಿನಿ ಎಲ್ಮಾಸ್ ಮಾತ್ರ ಉಳಿದಳು, ಹಾಕಬೇಡ ಅತ್ತಿಗೆ, ಕರುಳು ಕಿತ್ತು ಬರ್ತದೆ, ಬರಲಿ ಬಿಡೇ, ಅದಕ್ಕೇ ಹಾಕ್ತಿರೋದು — ತಿರುಗುತ್ತಿದೆ, ಒಂದು ಕೆಮ್ಮು, ಅವನದಲ್ಲ, ನನ್ನದು, ಕ್ಯಾಸೆಟ್ಟಿನೊಳಗೆ ಮಾತಾಡುತ್ತಿರುವುದು ನಾನೇ, ಹೊಗೆಕೊಳವೆ ತೂತು ಬಿದ್ದಿದೆ, ಅಲ್ಲೇನು ಮದುವೆ ಮನೆಯೇ ಯಾವಾಗ್ಲೂ ಹಾಡ್ತಿರೋಕೆ, ಹಾಡು ಸಾಕು, ಬರೋದು ಯಾವಾಗ ಅದು ಹೇಳು. ನನ್ನ ದನಿ ಇಷ್ಟು ಒರಟೇ. ಎಲ್ಮಾಸ್ ತಲೆವಸ್ತ್ರದ ತುದಿಯಲ್ಲಿ ಬಾಯಿ ಮುಚ್ಚಿ ನಗುತ್ತಾಳೆ, ಅಯ್ಯೋ ಅಣ್ಣ, ಹೆದರಿ ಅಲ್ಲೇ ಉಳಿದೆಯಾ, ನಕ್ಕವಳು ಹಾಗೇ ಅಳತೊಡಗುತ್ತಾಳೆ, ಅವಳಿಗೆ ಅಳು ಬರುತ್ತದೆ. ಮಗುಚಿ ಹಾಕಿದೆ, ಆ ಕಡೆಯೂ ನಾನೇ, ನನ್ನ ಮಾತು ಮುಗಿದ ಮೇಲೆ ಅವನು ಹಾಡಿದ್ದರ ಬಾಲವಾದರೂ ಉಳಿದಿರಬೇಕು, ಬೆರಳಗಲ ಸಾಕು, ಆದರೆ ನಾನು ಕೊನೆಯ ಸುತ್ತಿನವರೆಗೂ ಬೈದಿದ್ದೇನೆ, ಉಸಿರೆಳೆದುಕೊಂಡ ಕಡೆ ಕಿವಿ ಇಟ್ಟೆ, ಅಲ್ಲೂ ಕರಕರ. ನಿಂಗೆ ನೆನಪಿರೋದನ್ನ ನೀನೇ ಹಾಡು ಅತ್ತಿಗೆ ಅಂದಳು, ಬಾಯಿ ತೆರೆದೆ, ಮೊದಲ ಸಾಲು ಬಂತು, ಆಮೇಲೆ ಬರೀ ಹ್ಞೂಂ ಹ್ಞೂಂ, ಪದ ಅವನ ಬಾಯಲ್ಲಿತ್ತು, ನಾನು ಕೇಳಿ ಅತ್ತವಳು ಅಷ್ಟೇ — ತಿರುಗುತ್ತಿದೆ, ಕಣ್ಣು ಒಣಗಿದೆ, ತಿರುಗುತ್ತಿದೆ. ನಾಲ್ಕು ವರ್ಷ. ಹನ್ನೊಂದು ಸಲ ಬಂತು. ಹನ್ನೊಂದು ಹಾಡು. ಹನ್ನೊಂದನ್ನೂ ಅಳಿಸಿದ್ದು ನಾನು.