ನೈರುತ್ಯ ಮೂಲೆಯ ಒಲೆ

ಗುರುವಾರ ಮಧ್ಯಾಹ್ನ ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿ, ನಿವೇದಿತಾ ಎಂಬ ಗ್ರಾಹಕರ ಮನೆಯ ಹಿತ್ತಿಲಲ್ಲಿ ಟೇಪು ಹಿಡಿದು ನಿಂತಿದ್ದಾಗ ಕನಕಳಿಗೆ ತನ್ನ ತಪ್ಪು ಹೊಳೆಯಿತು. ತಪ್ಪು ಆ ಮನೆಯದಲ್ಲ. ಅದು ಮೂರೂವರೆ ಸಾವಿರ ಕಿಲೋಮೀಟರ್ ಆಚೆ, ಪರ್ತ್‌ನ ದಕ್ಷಿಣಕ್ಕೆ ಸಮುದ್ರದ ದಂಡೆಯ ಮೇಲೆ, ಕಟ್ಟಿ ಮುಗಿದು ನಿಂತಿತ್ತು.

ಕನಕ ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದಿದವಳು. ಗಂಡ ಸತ್ಯಪ್ರಕಾಶನ ಗಣಿ ಕೆಲಸದ ಜೊತೆ ಪರ್ತ್‌ಗೆ ಬಂದು ಹದಿನಾರು ವರ್ಷವಾಗಿತ್ತು. ಅವನು ಎರಡು ವಾರ ಗಣಿಯಲ್ಲಿ, ಒಂದು ವಾರ ಪರ್ತ್‌ನ ವಿಲೆಟನ್ ಬಡಾವಣೆಯ ಮನೆಯಲ್ಲಿ. ಮಗಳು ಅನು ಓದಲೆಂದು ಅಡಿಲೇಡಿಗೆ ಹೋದ ಮೇಲೆ ಆ ಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಕನಕಳಿಗೆ ಅಲ್ಲಿ ಕೂರಲು ಆಗುತ್ತಿರಲಿಲ್ಲ. ವೇಣುಗೋಪಾಲ್ ಎಂಬವರ ಕಂಪನಿ ಮೂರು ನಗರಗಳಲ್ಲಿ ಹೊರಾಂಗಣ ಅಡುಗೆಮನೆಗಳನ್ನು ಕಟ್ಟಿಸುತ್ತಿತ್ತು. ಎಲ್ಲಿಗೆ ಹೋಗಬೇಕೆಂದರೂ ಅವಳೇ ಮೊದಲು ಒಪ್ಪಿಕೊಳ್ಳುತ್ತಿದ್ದಳು. ಬೆಳಿಗ್ಗೆ ಒಂದು ಕಡೆ ಅಳತೆ, ಸಂಜೆ ಇನ್ನೊಂದು ಊರಿನ ವಿಮಾನ. ಸೂಟ್‌ಕೇಸನ್ನು ಪೂರ್ತಿ ಖಾಲಿ ಮಾಡಿ ಒಂದು ವರ್ಷವೇ ಆಗಿತ್ತು.

ನಿವೇದಿತಾ ಸೊಳ್ಳೆಗೆಂದು ಹಲಗೆ ಹಾಸಿದ ಡೆಕ್ಕಿನ ಮೂಲೆಯಲ್ಲಿ ಕಾಯಿಲ್ ಹಚ್ಚಿಟ್ಟರು. ಅದರ ಹೊಗೆ ನೆಟ್ಟಗೆ ಮನೆಯೊಳಕ್ಕೆ ಹೋಯಿತು.

"ನೋಡಿದ್ರಾ ಕನಕ, ಈ ಮೂಲೇಲಿ ಮಾತ್ರ ಬಾರ್ಬಿ ಒಲೆ ಇಡ್ಬೇಡಿ. ಆರ್ವೋ, ಮಧ್ಯಾಹ್ನ ಆದ್ರೆ ಗಾಳಿಯೆಲ್ಲಾ ಈ ಕಡೆಯಿಂದ್ಲೇ ಬರೋದು. ಬೆಳಿಗ್ಗೆ ಬಂದು ನೋಡಿದ್ರೆ ಗೊತ್ತೇ ಆಗಲ್ಲ."

ಬೆಳಿಗ್ಗೆ ಎಂಬ ಮಾತು ಕಿವಿಗೆ ಬಿದ್ದೊಡನೆ ಕನಕಳ ಕೈಯಲ್ಲಿದ್ದ ಟೇಪು ಸರ್ರೆಂದು ಸುತ್ತಿಕೊಂಡಿತು. ಪರ್ತ್‌ನ ಆ ಕಡಲದಂಡೆಯ ರಮಾಕಾಂತ್ ಅಂಕಲ್ ಮನೆಗೆ ಅವಳು ಹೋಗಿದ್ದದ್ದು ಎರಡೇ ಸಲ. ಎರಡು ಸಲವೂ ಬೆಳಿಗ್ಗೆ ಒಂಬತ್ತಕ್ಕೆ. ಎರಡು ಸಲವೂ ಮಧ್ಯಾಹ್ನದ ವಿಮಾನ ಹಿಡಿಯುವ ಅವಸರವಿತ್ತು.

ರಮಾಕಾಂತ್ ನಿವೃತ್ತ ಭೂವಿಜ್ಞಾನಿ. ಅವರೂ ಹೆಂಡತಿ ಜಯಲಕ್ಷ್ಮಿಯೂ ಮದುವೆಯ ನಲವತ್ತನೇ ವರ್ಷಕ್ಕೆ ಗ್ರೀಸಿನ ದ್ವೀಪವೊಂದಕ್ಕೆ ಹೋಗಿದ್ದರು. ಅಲ್ಲಿ ಒಂದು ಮನೆಯವರು ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಸಮುದ್ರಕ್ಕೆ ಮುಖ ಮಾಡಿ ಉದ್ದನೆಯ ಮೇಜಿನ ಸುತ್ತ ಊಟ ಮಾಡುವುದನ್ನು ರಮಾಕಾಂತ್ ಕಂಡರು. ವಾಪಸು ಬಂದವರೇ ಸಮುದ್ರದ ದಂಡೆಯಲ್ಲಿ ಅಂಥದೇ ಮನೆ ಕಟ್ಟಿಸಿದರು. ಸುಣ್ಣದ ಬಿಳಿ ಗೋಡೆ, ಕಮಾನು, ಕೆಂಪು ಹೆಂಚು. ಪಶ್ಚಿಮಕ್ಕೆ, ಮಲಗುವ ಕೋಣೆಯ ಮುಂದೆ, ಸಮುದ್ರದ ಕಡೆಗೆ ಚಾಚಿದ ಕಲ್ಲುಹಾಸಿನ ದೊಡ್ಡ ಜಗಲಿ. ಅದನ್ನು ಅವರು ಟೆರೇಸ್ ಎನ್ನುತ್ತಿದ್ದರು. ಅದರ ಮೇಲೆ ಹದಿನಾರು ಜನ ಕೂರುವ ಮೇಜು, ದ್ರಾಕ್ಷಿ ಚಪ್ಪರ, ಕಲ್ಲಿನ ಕಟ್ಟೆ, ನೀಲಿ ಬಿಲ್ಲೆ ಅಂಟಿಸಿದ ಸೌದೆ ಒಲೆ.

ಪ್ಲಾನು ಕನಕಳದು; ಒಲೆಯನ್ನು ಅವಳು ಟೆರೇಸಿನ ನೈರುತ್ಯ ಮೂಲೆಯಲ್ಲಿ ಬರೆದಿದ್ದಳು. ಅಲ್ಲಿ ನಿಂತು ಬೇಯಿಸುವವರಿಗೆ ಮೇಜೂ ಕಾಣುತ್ತದೆ, ಕಡಲೂ ಕಾಣುತ್ತದೆ. ಅವಳು ಹೋದ ಎರಡು ಬೆಳಿಗ್ಗೆಯೂ ಗಾಳಿ ನೆಲದಿಂದ ಕಡಲಿನ ಕಡೆಗೆ ಬೀಸುತ್ತಿತ್ತು. ಆದರೆ ಪರ್ತ್‌ನ ಬೇಸಿಗೆಯಲ್ಲಿ ಮಧ್ಯಾಹ್ನ ಗಾಳಿ ತಿರುಗುತ್ತದೆ, ನೈರುತ್ಯದಿಂದ ಏರಿ ಬರುತ್ತದೆ ಎಂಬುದು ಆ ಊರಿನ ಮಕ್ಕಳಿಗೂ ಗೊತ್ತು. ಹದಿನಾರು ವರ್ಷ ಅಲ್ಲಿದ್ದ ಅವಳಿಗೂ ಗೊತ್ತಿತ್ತು. ಬರೆಯುವಾಗ ಮಾತ್ರ ಅದು ನೆನಪಿಗೆ ಬಂದಿರಲಿಲ್ಲ. ಒಲೆಯ ಹೊಗೆ ಮೊದಲು ಮೇಜಿಗೆ, ಮೇಜಿನಿಂದ ಮಲಗುವ ಕೋಣೆಗೆ ಹೋಗುತ್ತದೆ. ಜಯಲಕ್ಷ್ಮಿ ಆಂಟಿಗೆ ಉಬ್ಬಸ.

ಪೂಜೆ ಮುಗಿಸಿ ಅವರು ಆಗಲೇ ಆ ಮನೆಗೆ ಬಂದಿದ್ದರು; ಗೃಹಪ್ರವೇಶದ ಊಟ ಭಾನುವಾರ. ನಲವತ್ತು ಜನ ಬರುವವರಿದ್ದರು.

ಏರ್‌ಪೋರ್ಟಿನಿಂದಲೇ ಅವಳು ಕಟ್ಟಡದ ಕೆಲಸ ಮಾಡಿಸಿದ ವರುಣನಿಗೆ ಫೋನ್ ಮಾಡಿದಳು.

"ಎಲ್ಲಾ ಮುಗೀತು ಕನಕಕ್ಕ, ಸಖತ್ತಾಗ್ ಬಂದಿದೆ. ಫೋಟೋ ಕಳಿಸ್ಲಾ?"

"ಮಧ್ಯಾಹ್ನದ ಹೊತ್ತು ಒಲೆ ಹಚ್ಚಿ ನೋಡಿದ್ಯಾ?"

"ಒಂದ್ಸಲ ಹಚ್ಚಿದ್ವಿ. ಸ್ವಲ್ಪ ಹೊಗೆ ಬಂತು. ಸೌದೆ ಹಸಿ ಇದೆ ಅಂದ್ರು ಅಂಕಲ್."

ಅಡಿಲೇಡಿನ ಮಾಸನ್ ಲೇಕ್ಸ್‌ನಲ್ಲಿ ಅನು ಇಬ್ಬರು ಗೆಳತಿಯರ ಜೊತೆ ಬಾಡಿಗೆಗಿದ್ದಳು. ಗುರುವಾರ ರಾತ್ರಿಯ ವಿಮಾನದಲ್ಲಿ ಕನಕ ಅಲ್ಲಿಗೆ ಬಂದಿಳಿದಳು. ಶುಕ್ರವಾರ ಬೆಳಿಗ್ಗೆ ಮಗಳು ಎದ್ದಾಗ ಕನಕ ಪಾತ್ರೆಗಳನ್ನೆಲ್ಲ ಉಜ್ಜಿ, ಮಸಾಲೆ ಡಬ್ಬಗಳನ್ನು ಕೆಳಗಿಳಿಸಿ, ಮತ್ತೆ ಮೇಲಿಡುತ್ತಿದ್ದಳು.

"ಅಮ್ಮಾ, ಪ್ಲೀಸ್, ಜಸ್ಟ್ ಸಿಟ್. ಯು'ವ್ ಬೀನ್ ವಾಕಿಂಗ್ ಅರೌಂಡ್ ಸಿನ್ಸ್ ಫೈವ್."

"ಕೂತ್ರೆ ಎದೆ ಡವಡವ ಅನ್ನುತ್ತೆ ಕಣೇ."

ಕನಕ ಎಲ್ಲವನ್ನೂ ಹೇಳಿದಳು. ಅನು ಕೇಳಿ, ಕಾಫಿಯ ಲೋಟವನ್ನು ಅಮ್ಮನ ಕೈಗಿತ್ತಳು. "ಸೋ ಟೆಲ್ ದೆಮ್," ಎಂದಳು. ಅಷ್ಟೇ. ಇಪ್ಪತ್ತು ವರ್ಷದವಳಿಗೆ ಅದು ಅಷ್ಟು ಸುಲಭ ಎಂದು ಕನಕಳಿಗೆ ಸಿಟ್ಟೂ ಬಂತು.

ಹತ್ತು ಗಂಟೆಗೆ ವೇಣುಗೋಪಾಲ್ ಫೋನಿಗೆ ಸಿಕ್ಕರು.

"ಒಲೆ ಒಡೀಬೇಕು ಸರ್. ತಪ್ಪು ನಂದು."

"ಏನ್ ಮಾತಾಡ್ತಿದ್ದೀರಾ? ಕ್ಲೈಂಟ್ ಡ್ರಾಯಿಂಗಿಗೆ ಸೈನ್ ಹಾಕಿದ್ದಾರೆ. ಚಿಮಣಿ ಒಂದು ಮೀಟರ್ ಎತ್ತರಿಸಿ, ಸಾಕು."

"ಸಾಕಾಗಲ್ಲ. ಗಾಳಿ ನೇರ ಒಲೆ ಬಾಯಿಗೇ ಹೊಡೆಯುತ್ತೆ. ಹೊಗೆ ಚಿಮಣಿವರೆಗೆ ಹೋಗೋದೇ ಇಲ್ಲ."

ವೇಣುಗೋಪಾಲ್ ದನಿ ಮೆತ್ತಗೆ ಮಾಡಿದರು. "ಹಾಗಾದ್ರೆ ಒಂದು ಕೆಲ್ಸ ಮಾಡಿ. ವಾಸ್ತು ಅನ್ನಿ. ನೈರುತ್ಯದಲ್ಲಿ ಬೆಂಕಿ ಇರಬಾರದು, ಆಗ್ನೇಯಕ್ಕೆ ಹೋಗಬೇಕು ಅಂತ. ಈಗ ಯಾರೋ ತಿಳಿದವರು ಹೇಳಿದ್ರು ಅಂತ ಆಂಟಿ ಕಿವಿಗೆ ಹಾಕಿ. ಅವರೇ ಒಡೆಸ್ತಾರೆ. ನಮ್ಮ ಹೆಸರೂ ಉಳಿಯುತ್ತೆ, ನಿಮ್ಮ ಹೆಸರೂ ಉಳಿಯುತ್ತೆ."

ಕನಕ ಇಲ್ಲ ಎನ್ನಲಿಲ್ಲ. ನೋಡ್ತೀನಿ ಎಂದಳು. ಫೋನಿಟ್ಟ ಮೇಲೆ ಅದೇ ಸರಿಯಾದ ದಾರಿಯೆಂದೂ ಅನ್ನಿಸಿತು. ಯಾರಿಗೂ ನೋವಿಲ್ಲ. ಆದರೆ ಅನುವಿನ ಮನೆ ಹತ್ತಿರದ ಕೆರೆಗೆ ಮೂರು ಸುತ್ತು ನಡೆದರೂ ಆ ಮಾತನ್ನು ಜಯಲಕ್ಷ್ಮಿಯ ಮುಖ ನೋಡಿ ಹೇಗೆ ಶುರು ಮಾಡುವುದೆಂದು ತಿಳಿಯಲಿಲ್ಲ. ಭಾನುವಾರ ಬೆಳಗಿನ ಟಿಕೆಟ್ ಬದಲಿಸಿ ಶನಿವಾರ ಬೆಳಗಿನ ವಿಮಾನ ಹತ್ತಿದಳು. ಅನು ಬಾಗಿಲಲ್ಲಿ ತಬ್ಬಿಕೊಂಡು, "ಯು ಓನ್ಲಿ ಜಸ್ಟ್ ಗಾಟ್ ಹಿಯರ್," ಎಂದಾಗ ಮಾತ್ರ ಕನಕ ಸೂಟ್‌ಕೇಸ್ ಕೆಳಗಿಟ್ಟು ಮಗಳ ತಲೆ ನೇವರಿಸಿದಳು.

ಪರ್ತ್‌ನಲ್ಲಿ ಇಳಿದವಳು ಮನೆಗೆ ಹೋಗದೆ ಕಾರು ತೆಗೆದುಕೊಂಡು ನೇರ ದಕ್ಷಿಣಕ್ಕೆ ಹೊರಟಳು. ಅವಳು ತಲುಪಿದಾಗ ಎರಡೂವರೆ. ಗಾಳಿ ಆಗಲೇ ತಿರುಗಿತ್ತು. ದ್ರಾಕ್ಷಿ ಚಪ್ಪರದ ಎಳೆಯ ಬಳ್ಳಿಗಳೆಲ್ಲ ಮನೆಯ ಕಡೆಗೆ ಬಾಗಿ ಪಟಪಟ ಹೊಡೆದುಕೊಳ್ಳುತ್ತಿದ್ದವು. ಮಲಗುವ ಕೋಣೆಯ ಬಾಗಿಲುಗಳು ಮುಚ್ಚಿದ್ದವು.

"ಏನಮ್ಮಾ, ನಾಳೆ ಬರೋಳು ಇವತ್ತೇ ಬಂದ್ಬಿಟ್ಟೆ!" ಎಂದರು ರಮಾಕಾಂತ್. ಬೋಳುತಲೆಗೆ ಹುಲ್ಲಿನ ಟೋಪಿ ಹಾಕಿದ್ದರು, ಅದನ್ನು ಒಂದು ಕೈಯಲ್ಲಿ ಒತ್ತಿ ಹಿಡಿದಿದ್ದರು. "ನೋಡು, ನೋಡು ಹೇಗಿದೆ."

ಚೆನ್ನಾಗಿತ್ತು. ಅದೇ ಕಷ್ಟ. ಬಿಸಿಲಲ್ಲಿ ನೀಲಿ ಬಿಲ್ಲೆಗಳು ಹೊಳೆಯುತ್ತಿದ್ದವು. ಕನಕ ಅದಕ್ಕಿಂತ ಚಂದದ ಒಲೆ ಬರೆದಿರಲಿಲ್ಲ.

"ಅಂಕಲ್, ಒಂದ್ಸಲ ಹಚ್ಚೋಣ್ವಾ?"

ಒಣಗಿದ ಜಾರಾ ಮರದ ಸೌದೆಯನ್ನು ಅವಳೇ ಆರಿಸಿ ಜೋಡಿಸಿದಳು. ಎರಡು ನಿಮಿಷ ಬೆಂಕಿ ಚೆನ್ನಾಗಿಯೇ ಹತ್ತಿತು. ಆಮೇಲೆ ಕಡಲ ಕಡೆಯಿಂದ ಗಾಳಿ ನುಗ್ಗಿತು. ಒಲೆಯ ಬಾಯಿಂದ ಹೊಗೆ ಒಂದೇ ಸಲ ಹೊರಗೆ ಉಕ್ಕಿ, ಹದಿನಾರು ಕುರ್ಚಿಗಳ ಮೇಲೆ ಹಾದು, ಮುಚ್ಚಿದ ಗಾಜಿನ ಬಾಗಿಲಿಗೆ ಬಡಿದು ಹರಡಿತು. ಒಳಗಿನಿಂದ ಕೆಮ್ಮು ಕೇಳಿಸಿತು. ಬಾಗಿಲ ಸಂದಿಯಲ್ಲೂ ಹೊಗೆ ನುಸುಳಿತ್ತು. ಕನಕ ಮರಳಿನ ಬಕೆಟ್ ಎತ್ತಿ ಬೆಂಕಿಯ ಮೇಲೆ ಸುರಿದಳು.

"ಸೌದೆ ಹಸಿ," ಎಂದರು ರಮಾಕಾಂತ್.

"ಸೌದೆ ಒಣಗಿದೆ ಅಂಕಲ್."

ಜಯಲಕ್ಷ್ಮಿ ಉಬ್ಬಸದ ಪಂಪನ್ನು ಕೈಯಲ್ಲಿ ಹಿಡಿದು ಹಿಂಬಾಗಿಲಿನಿಂದ ಸುತ್ತಿ ಬಂದರು. ತೆಳ್ಳಗಿನ, ಗಿಡ್ಡನೆಯ ಹೆಂಗಸು. ವಾಸ್ತುವಿನ ಮಾತು ಕನಕಳ ನಾಲಿಗೆಯ ತುದಿಯವರೆಗೂ ಬಂತು. ಆಂಟಿ ಆಗ ಮತ್ತೆ ಕೆಮ್ಮಿದರು.

"ನಾನು ತಪ್ಪು ಮಾಡಿದ್ದೀನಿ," ಎಂದಳು ಕನಕ. "ಎರಡು ಸಲ ಬಂದೆ, ಎರಡು ಸಲವೂ ಬೆಳಿಗ್ಗೆ ಬಂದು ಓಡಿಹೋದೆ. ಇಲ್ಲಿ ಒಂದು ಮಧ್ಯಾಹ್ನ ಕೂತಿದ್ರೂ ಗೊತ್ತಾಗ್ತಿತ್ತು. ಈ ಒಲೆ ಇಲ್ಲಿರೋಕೆ ಆಗಲ್ಲ. ಒಡೆಸಿ ಬೇರೆ ಕಡೆ ಕಟ್ಟಿಸಿಕೊಡ್ತೀನಿ."

ರಮಾಕಾಂತರ ಮುಖ ಕೆಂಪಾಯಿತು. "ನಾಳೆ ನಲವತ್ತು ಜನ ಬರ್ತಾರೆ, ಇವತ್ತು ಬಂದು ಒಡೀಬೇಕು ಅಂತೀಯಾ? ಮೂವತ್ತೆಂಟು ವರ್ಷ ಗಣಿ ಕ್ಯಾಂಪಿನ ಮೆಸ್ಸಲ್ಲಿ ತಟ್ಟೆ ಹಿಡ್ಕೊಂಡು ಗೋಡೆ ನೋಡ್ತಾ ಊಟ ಮಾಡಿದ್ದೀನಿ ಕಣಮ್ಮಾ. ಇದೊಂದು ಕೇಳ್ಕೊಂಡಿದ್ದೆ."

ಜಯಲಕ್ಷ್ಮಿ ಹೇಳಿದರು: "ದಿನಾ ಎರಡು ಗಂಟೆಗೆ ನಾನು ಈ ಬಾಗಿಲು ಹಾಕ್ತೀನಿ. ನೀವಿಬ್ರೂ ಒಂದ್ಸಲನಾದ್ರೂ ಯಾಕೆ ಅಂತ ಕೇಳಿದ್ರಾ?"

"ನೀನ್ಯಾಕೆ ಹೇಳ್ಲಿಲ್ಲ?" ಎಂದರು ಗಂಡ.

"ನೀವು ಗ್ರೀಸಿಂದ ಬರ್ತಾ ವಿಮಾನದಲ್ಲೇ ಪೇಪರ್ ನ್ಯಾಪ್ಕಿನ್ ಮೇಲೆ ಒಲೆ ಬರೀತಾ ಇದ್ರಿ. ಅಷ್ಟು ಸಂತೋಷವಾಗಿ ನಿಮ್ಮನ್ನ ನೋಡೇ ಇರಲಿಲ್ಲ ನಾನು. ಒಳಗೆ ಕೂತ್ಕೊಂಡ್ರಾಯ್ತು ಅನ್ಕೊಂಡೆ."

ರಮಾಕಾಂತ್ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಅದು ಹಾರಿಹೋಯಿತು. ಅದನ್ನು ಹಿಡಿಯಲು ಯಾರೂ ಹೋಗಲಿಲ್ಲ.

ಮಾರನೆಯ ದಿನ ಒಲೆ ಹಚ್ಚಲಿಲ್ಲ. ಊಟದ ಯೋಜನೆಯನ್ನೆಲ್ಲ ಜಯಲಕ್ಷ್ಮಿ ಒಂದೇ ಬೆಳಗಿನಲ್ಲಿ ಬದಲಿಸಿದರು. ಮನೆಯ ಪೂರ್ವಕ್ಕೆ, ಅಡುಗೆಮನೆಯ ಹಿಂದೆ ಗೋಡೆ ಕಟ್ಟಿದ ಸಣ್ಣ ಅಂಗಳವಿತ್ತು. ಅಲ್ಲೊಂದು ನಿಂಬೆಗಿಡ, ಬಟ್ಟೆ ಒಣಗಿಸುವ ತಂತಿ. ಪ್ಲಾನಿನಲ್ಲಿ ಕನಕ ಆ ಅಂಗಳಕ್ಕೆ ಹೆಸರೂ ಕೊಟ್ಟಿರಲಿಲ್ಲ. ಆಂಟಿ ಅಲ್ಲಿ ಗ್ಯಾಸ್ ಒಲೆ ಇಟ್ಟು, ಎರಡು ಕಾವಲಿ ಏರಿಸಿ, ಸಬ್ಬಸಿಗೆ ಸೊಪ್ಪು ಹಾಕಿದ ಅಕ್ಕಿರೊಟ್ಟಿ ತಟ್ಟಲು ಕೂತರು. ಕನಕ ಪಕ್ಕದಲ್ಲಿ ಬೆಣ್ಣೆ ಹಚ್ಚಿ ಕೊಡುತ್ತ ನಿಂತಳು. ನಿಂತಲ್ಲಿ ನಿಲ್ಲಲಾರದೆ ನಡುನಡುವೆ ಟೆರೇಸಿಗೆ ಓಡಿ ಹೋಗಿ ನೋಡಿ ಬರುತ್ತಿದ್ದಳು.

ಒಂದೂವರೆವರೆಗೆ ಜನ ಉದ್ದನೆಯ ಮೇಜಿನ ಸುತ್ತಲೇ ಇದ್ದರು. ಗಾಳಿ ಏರಿದ ಮೇಲೆ ಕಾಗದದ ತಟ್ಟೆಗಳು ಹಾರತೊಡಗಿದವು. ಸೀರೆಯ ಸೆರಗು ಹಿಡಿದುಕೊಂಡೇ ಊಟ ಮಾಡುವುದು ಯಾರಿಗೆ ಬೇಕು? ಒಬ್ಬೊಬ್ಬರೇ ಇನ್ನೊಂದು ರೊಟ್ಟಿ ಬೇಕೆಂಬ ನೆಪದಲ್ಲಿ ಎದ್ದು ಅಂಗಳಕ್ಕೆ ಬಂದರು, ಬಂದವರು ವಾಪಸು ಹೋಗಲಿಲ್ಲ. ಗೋಡೆಯ ಮರೆಯಲ್ಲಿ ಗಾಳಿ ಇರಲಿಲ್ಲ. ಮೂರು ಗಂಟೆಗೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ.

ಟೆರೇಸಿನಲ್ಲಿ ರಮಾಕಾಂತ್ ಒಬ್ಬರೇ ಮೇಜುಹಾಸನ್ನು ಎರಡು ಕೈಯಲ್ಲೂ ಒತ್ತಿ ಹಿಡಿದು ಕೂತಿದ್ದರು. ಕನಕ ಹೋಗಿ ಎದುರಿನ ಅಂಚು ಹಿಡಿದಳು.

"ವರುಣ ಮೊದಲ ಸಲ ಹಚ್ಚಿದಾಗ್ಲೇ ನಾನು ಹೊಗೆ ನೋಡಿದ್ದೆ," ಎಂದರು ಅವರು, ಕಡಲಿನ ಕಡೆ ನೋಡುತ್ತ. "ಜೀವನವೆಲ್ಲಾ ಬಯಲಲ್ಲೇ ಕೆಲಸ ಮಾಡ್ದೋನಿಗೆ ಗಾಳಿ ಯಾವ ಕಡೆಯಿಂದ ಬರುತ್ತೆ ಅಂತ ಗೊತ್ತಿರಲ್ವಾ? ಗೊತ್ತಿತ್ತು. ಹಸಿ ಸೌದೆ ಅಂತ ನನಗೆ ನಾನೇ ಹೇಳ್ಕೊಂಡೆ."

"ನಾನು ಎಲ್ಲಾದ್ರೂ ಹೊರಡೋ ಅವಸರದಲ್ಲೇ ಇರ್ತೀನಿ ಅಂಕಲ್. ಇದನ್ನೂ ಹಾಗೇ ಮಾಡ್ಬಿಟ್ಟೆ."

ಅವರು ತಲೆಯಾಡಿಸಿದರು. ಕ್ಷಮಿಸಿದ್ದೀನಿ ಎಂದೇನೂ ಅನ್ನಲಿಲ್ಲ. "ಮೇಜು ಇಲ್ಲೇ ಇರಲಿ. ಬೆಳಿಗ್ಗೆ ತಿಂಡಿಗಾಗುತ್ತೆ. ಒಲೆ ತೆಗೆಸು," ಎಂದು ಎದ್ದು, ತಾವು ಕೂತಿದ್ದ ಕುರ್ಚಿಯನ್ನು ತಾವೇ ಎತ್ತಿಕೊಂಡು ಅಂಗಳದ ಕಡೆಗೆ ನಡೆದರು.

ಅವತ್ತು ಸಂಜೆ ಕನಕ ವೇಣುಗೋಪಾಲರಿಗೆ ನಡೆದದ್ದನ್ನು ಬರೆದು ಕಳಿಸಿದಳು. ತಪ್ಪು ತನ್ನದೆಂದು ಗ್ರಾಹಕರಿಗೆ ಹೇಳಿದ್ದೇನೆ, ಒಡೆದು ಕಟ್ಟುವುದು ಕಂಪನಿಯ ಹೊಣೆ ಎಂದೂ ಸೇರಿಸಿದಳು. ಉತ್ತರ ಅರ್ಧ ಗಂಟೆಯಲ್ಲಿ ಬಂತು. ಮೂರು ತಿಂಗಳು ಬ್ರಿಸ್ಬೇನ್, ಅಡಿಲೇಡ್ ಕೆಲಸಗಳೆಲ್ಲ ಬೇರೆಯವರಿಗೆ. ಈ ಒಲೆ ಮುಗಿಯುವವರೆಗೆ ಅವಳು ಪರ್ತ್ ಬಿಟ್ಟು ಹೋಗುವಂತಿಲ್ಲ. ಆಮೇಲಿನದನ್ನು ಆಮೇಲೆ ನೋಡೋಣ. ವಿಲೆಟನ್‌ನ ಖಾಲಿ ಮನೆಯನ್ನು ನೆನೆದರೆ ಬೇರೆ ಯಾವ ಶಿಕ್ಷೆಯಾಗಿದ್ದರೂ ವಾಸಿಯಿತ್ತೇನೋ ಎನ್ನಿಸಿತು ಅವಳಿಗೆ. ಸತ್ಯಪ್ರಕಾಶನಿಗೆ ಫೋನ್ ಮಾಡಿದಳು. ಅವನು ಗುರುವಾರ ಬರುತ್ತೇನೆ ಎಂದ. "ಮನೇಲಿರ್ತೀಯಾ?" ಎಂದು ಕೇಳಿದ, ಯಾವತ್ತೂ ಕೇಳುವಂತೆ. ಇರ್ತೀನಿ ಎಂದಳು. ಆ ಮಾತು ಅವಳ ಬಾಯಿಗೇ ಹೊಸದಾಗಿತ್ತು.

ಸೋಮವಾರ ಬೆಳಿಗ್ಗೆ ವರುಣ ಬಿಲ್ಲೆಗಳನ್ನು ಒಂದೊಂದಾಗಿ ಎಬ್ಬಿಸತೊಡಗಿದ. ನಾಲ್ಕು ಒಡೆದವು, ಉಳಿದವು ಹಾಗೇ ಬಂದವು. ಕನಕ ಅಂಗಳದಲ್ಲಿ ಸೀಮೆಸುಣ್ಣದಿಂದ ಹೊಸ ಕಟ್ಟೆಯ ಗುರುತು ಹಾಕುತ್ತಿದ್ದಳು. ಪ್ಲಾನಿನಲ್ಲಿದ್ದ ಎತ್ತರವನ್ನೇ ಗೋಡೆಯ ಮೇಲೆ ಗೀಚಿದಾಗ ಜಯಲಕ್ಷ್ಮಿ ಬಂದು ಅದರ ಪಕ್ಕ ನಿಂತರು. ಗೆರೆ ಅವರ ಮೊಣಕೈಗಿಂತ ಮೇಲಿತ್ತು.

"ಇದು ಯಾರ ಅಳತೆ?" ಎಂದರು.

"ಅಂಕಲ್‌ದು."

"ಅವರು ರೊಟ್ಟಿ ತಟ್ಟೋದನ್ನ ನೀನು ನೋಡಿದ್ದೀಯಾ?"

ಕನಕ ನಕ್ಕಳು. ಐದು ದಿನದಲ್ಲಿ ಮೊದಲ ಸಲ. ಗೆರೆಯನ್ನು ಅಂಗೈಯಿಂದ ಅಳಿಸಿ ಟೇಪು ತೆಗೆದಳು. "ಚಪ್ಪಲಿ ಬಿಟ್ಟು ನಿಂತ್ಕೊಳ್ಳಿ ಆಂಟಿ, ಕೈ ಮಡಚಿ," ಎಂದು ಅವರ ಪಕ್ಕ ಮೊಣಕಾಲೂರಿ ಕೂತು, ನೆಲದಿಂದ ಮೊಣಕೈಯವರೆಗೆ ನಿಧಾನವಾಗಿ ಅಳೆಯತೊಡಗಿದಳು.