ಬಾದನಹಟ್ಟಿಗೆ ಬಂದ ಕರಡಿಗೆ

ಸುಬೇದಾರ ಗಾದಿಲಿಂಗಪ್ಪ ಬರ್ಮಾದ ಕಾಡಿನಲ್ಲಿ ಗುಂಡು ತಗುಲಿ ಸತ್ತು ನಾಲ್ಕು ತಿಂಗಳಾದ ಮೇಲೆ ಅವನ ಹೆಂಡತಿ ಚನ್ನವೀರಮ್ಮ ಬಳ್ಳಾರಿ ದಂಡಿನ ಲೈನಿನಲ್ಲಿದ್ದ ಮನೆ ಬಿಟ್ಟಳು. ಇಪ್ಪತ್ತೆರಡು ವರ್ಷ ಪಲ್ಟನ್ನಿನ ಹಿಂದೆ ಸಿಕಂದರಾಬಾದು, ಬೆಂಗಳೂರು, ತಿರುಚಿನಾಪಳ್ಳಿ ಎಂದು ಅಲೆದವಳು. ಪಾತ್ರೆ ಪಗಡ ಕಟ್ಟುವುದು ಕೈಗೆ ರೂಢಿಯಾಗಿತ್ತು. ಈ ಸಲ ಮಾತ್ರ ಗಂಟು ಕಟ್ಟುತ್ತ ಮೂರು ಸಲ ಕೂತು ಸುಧಾರಿಸಿಕೊಂಡಳು.

ಸಿರುಗುಪ್ಪದಿಂದ ತಮ್ಮ ಚಿದಾನಂದಪ್ಪ ಬಂಡಿ ತಂದಿದ್ದ. ತೌರಿಗೆ ಹೋಗುವ ಮೊದಲು ಅವಳು ಬಾದನಹಟ್ಟಿಗೆ, ಗಂಡನ ಊರಿಗೆ, ಹೋಗಬೇಕಿತ್ತು. ಹವಾಲ್ದಾರ ಜೋಗಪ್ಪ ಬರ್ಮಾದಿಂದ ತಂದುಕೊಟ್ಟ ಬೆಳ್ಳಿಯ ಕರಡಿಗೆ ಅವಳ ಮಡಿಲಲ್ಲಿತ್ತು. ಅದರೊಳಗೆ ಗಂಡ ಕೊರಳಲ್ಲಿ ಧರಿಸುತ್ತಿದ್ದ ಇಷ್ಟಲಿಂಗ.

"ಹಳ್ಳ ದಾಟೋ ಮುಂದ ಗುಂಡು ಬಡೀತ್ರಿ ಅಮ್ಮಾರ. ಅಲ್ಲೇ ದಂಡಿಮ್ಯಾಲ ಮಣ್ಣು ಮಾಡಿದ್ವಿ. ಲಿಂಗ ಅವ್ರ ಕೈಯಾಗಿಟ್ಟೇ ಮಣ್ಣು ಮಾಡಬೇಕಂತ ನಮಗ ಗೊತ್ತಿರಲಿಲ್ರಿ" ಎಂದು ಜೋಗಪ್ಪ ತಲೆ ತಗ್ಗಿಸಿದ್ದ.

ಬೆಳಗಿನ ಜಾವಕ್ಕೇ ಬ್ರೂಸ್‌ಪೇಟೆ ದಾಟಿದರು. ಕೊಳಗಲ್ಲು ಹಿಂದಾಯಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕುರುಗೋಡಿನ ಗುಡ್ಡ ಕಂಡಿತು. ಇದೇ ದಾರಿಯಲ್ಲಿ, ಹತ್ತು ವರ್ಷದ ಕೆಳಗೆ, ದೊಡ್ಡ ಬರಗಾಲದಲ್ಲಿ, ಆಗ ಜಮಾದಾರನಾಗಿದ್ದ ಗಾದಿಲಿಂಗಪ್ಪ ಸರ್ಕಾರದ ಕಾಳಿನ ಬಂಡಿಗಳಿಗೆ ಕಾವಲು ಹೋಗುತ್ತಿದ್ದ. ಬಾದನಹಟ್ಟಿಯ ಜನ ಬಂಡಿಗಳಿಗೆ ಅಡ್ಡ ಬಂದರು. ಎಲ್ಲರ ಮುಂದೆ ನಿಂತವನು ಅವನ ಸ್ವಂತ ಅಣ್ಣ ಕಾಡಸಿದ್ದಪ್ಪ. ಜಮಾದಾರ ಬಂದೂಕಿನ ಹಿಡಿಯಿಂದ ಅಣ್ಣನ ಹೆಗಲಿಗೆ ಹೊಡೆದ. ಬಂಡಿಗಳು ಹೋದವು. ಅದೇ ತಿಂಗಳಲ್ಲಿ ಅಣ್ಣನ ಇಬ್ಬರು ಮಕ್ಕಳು ಹಸಿವಿನಿಂದ ಸತ್ತರು. ಪಲ್ಟನ್ನಿನವರು ಗಾದಿಲಿಂಗಪ್ಪನನ್ನು ಮೆಚ್ಚಿ ಸುಬೇದಾರನನ್ನಾಗಿ ಮಾಡಿದರು. ಅವನು ಮತ್ತೆ ಊರಿನ ಕಡೆ ಮುಖ ಹಾಕಲಿಲ್ಲ.

ಆ ಕಾಳು ಸಿರುಗುಪ್ಪದ ಗಂಜಿ ಮನೆಗೆ ಹೋಗಿತ್ತು. ಸಾವಿರಾರು ಜನ ಅದನ್ನೇ ಕುಡಿದು ಜೀವ ಹಿಡಿದಿದ್ದರು. ಚಿದಾನಂದಪ್ಪನೂ ಅವರಲ್ಲೊಬ್ಬ. ಭಾವ ಕಾಡಸಿದ್ದಪ್ಪನ ಎದುರು ಈ ಮಾತು ಹೇಳಬೇಕೆಂದು ಚನ್ನವೀರಮ್ಮ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡಳು.

ಬಾದನಹಟ್ಟಿ ಮುಟ್ಟಿದಾಗ ಕಾಡಸಿದ್ದಪ್ಪ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಬಲಗೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ. ಅವನ ಹೆಂಡತಿ ಗಿಡ್ಡಮ್ಮ ಬಾಗಿಲಲ್ಲೇ ನಿಂತಳು. ಒಳಗೆ ಬಾ ಎನ್ನಲಿಲ್ಲ. ಅವಳ ಮುಖ ನೋಡುತ್ತಲೇ ಚನ್ನವೀರಮ್ಮ ಜೋಡಿಸಿಕೊಂಡಿದ್ದ ಮಾತನ್ನು ಕೈಬಿಟ್ಟಳು. ಸಿರುಗುಪ್ಪದ ಗಂಜಿಯ ಮಾತು ಈ ಹೆಂಗಸಿನ ಮುಂದೆ ಹೇಗೆ ಆಡುವುದು?

"ಭಾವಾರ, ಅವ್ರ ಲಿಂಗ ತಂದೀನಿ. ನಿಮ್ಮ ಹೊಲದಾಗ ಮಣ್ಣು ಮಾಡಾಕ ಜಾಗ ಕೊಡ್ರಿ" ಎಂದಷ್ಟೇ ಅಂದಳು.

ಕಾಡಸಿದ್ದಪ್ಪ ಅವಳ ಕೈಯಲ್ಲಿದ್ದ ಕರಡಿಗೆ ನೋಡಿದ. ಆಮೇಲೆ ಕೇಳಿದ: "ಆ ದಿನದ ಸುದ್ದಿ ನಿನ್ನ ಮುಂದ ಎಂದಾದ್ರೂ ತಗದಿದ್ನೇನವ್ವಾ?"

ಹೂಂ ಎಂದು ಸುಳ್ಳು ಹೇಳಬಹುದಿತ್ತು. ಅತ್ತರು, ಪಶ್ಚಾತ್ತಾಪಪಟ್ಟರು ಅನ್ನಬಹುದಿತ್ತು. ಅದನ್ನು ಕಟ್ಟಿ ಹೇಳುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಇಲ್ರಿ. ಒಂದ್ ಸಲಾನೂ ಇಲ್ಲ. ಯಾರೋ ಹೇಳಿ ನನಗ ಗೊತ್ತಾತು. ಕೇಳಿದ್ರ ಎದ್ದು ಹೊರಗ ಹೋಗೋರು."

"ನಾವೂ ಮನ್ಯಾಗ ಆ ಮಾತು ಎತ್ತಿಲ್ಲ" ಎಂದು ಕಾಡಸಿದ್ದಪ್ಪ ಹೆಂಡತಿಯ ಕಡೆ ನೋಡಿದ.

ಗಿಡ್ಡಮ್ಮ ಒಳಗೆ ಹೋದಳು. ಬಾಗಿಲು ಹಾಕಿಕೊಂಡಳೆಂದೇ ಚನ್ನವೀರಮ್ಮ ತಿಳಿದಳು. ಆದರೆ ಅವಳು ಸಲಿಕೆ ತಂದು ಗಂಡನ ಮುಂದೆ ಇಟ್ಟಳು.

"ನನ್ನ ಕೂಸುಗಳ ಹತ್ರ ಬ್ಯಾಡ. ಆ ಕಡಿ ಬದುವಿನ ತಾವ ಇರ್ಲಿ" ಎಂದಳು.

ಕಾಡಸಿದ್ದಪ್ಪನಿಗೆ ಒಂದೇ ಕೈ ಆಡುತ್ತಿದ್ದುದರಿಂದ ಚಿದಾನಂದಪ್ಪನೇ ಹೊಲಕ್ಕೆ ಹೋಗಿ ಗುಂಡಿ ತೋಡಿದ. ಊರ ಅಯ್ಯನವರು ವಿಭೂತಿ ಹಚ್ಚಿ, ಕರಡಿಗೆಯನ್ನು ಕೆಳಗಿಟ್ಟು ಮಂತ್ರ ಹೇಳಿದರು. ಮಣ್ಣು ಹಾಕುವಾಗ ಅಣ್ಣ ಎಡಗೈಯಿಂದ ಒಂದು ಹಿಡಿ ಹಾಕಿ ಹಿಂದೆ ಸರಿದ. ಗಿಡ್ಡಮ್ಮ ಬರಲಿಲ್ಲ, ದೂರದ ಬೇವಿನ ಮರದಡಿ ನಿಂತೇ ಇದ್ದಳು.

ಅವರ ಮನೆಯಲ್ಲಿ ಉಳಿದುಕೋ ಎಂದು ಯಾರೂ ಹೇಳಲಿಲ್ಲ, ಚನ್ನವೀರಮ್ಮನಿಗೆ ಅದರ ಆಸೆಯೂ ಇರಲಿಲ್ಲ. ಹೊತ್ತು ಮುಳುಗಲು ಇನ್ನೂ ಸ್ವಲ್ಪ ಸಮಯವಿತ್ತು. ಬಂಡಿ ಸಿರುಗುಪ್ಪದ ದಾರಿ ಹಿಡಿದು ಊರು ದಾಟುವಷ್ಟರಲ್ಲೇ ಅವಳು ಹುಲ್ಲಿನ ಮೇಲೆ ಒರಗಿ ನಿದ್ದೆಹೋದಳು. ತಮ್ಮ ಎತ್ತುಗಳನ್ನು ನಿಧಾನಕ್ಕೆ ಹೊಡೆದ.