ಬೇವು ಹಚ್ಚಿದ ಬೆರಳು

ಎದುರು ಮನೆಯ ಚೀನೀ ಅಜ್ಜಿ ಬೆಳ್ಳುಳ್ಳಿ ಹುರಿಯುತ್ತಿದ್ದಾಳೆ, ಕಾರಿಡಾರು ದಾಟಿ ಬಂದ ಘಾಟು ಅಡುಗೆಮನೆಯಲ್ಲಿ ನಿಂತ ಅರುಂಧತಿಯ ಮೂಗಿಗೆ ಅಡರುತ್ತದೆ, ಆದರೂ ಬೆರಳಿನ ಬೇವಿನ ವಾಸನೆ ಅಡಗಿಲ್ಲ — ಅರೆದದ್ದು ಹೆಚ್ಚಾಯಿತೇನೋ, ಇರಲಿ, ಕಹಿಯಾಗಲೆಂದೇ ತಾನೇ ಹಚ್ಚಿಕೊಂಡದ್ದು, ಹಾಲು ಬಿಡಿಸುವಾಗಲೂ ಹೀಗೇ ಹಚ್ಚಿರಲಿಲ್ಲವೇ, ಮೈಸೂರಿನಿಂದ ಅಮ್ಮ ಫೋನಿನಲ್ಲಿ ಹೇಳಿಕೊಟ್ಟಿದ್ದಳು, ಒಂದ್ಸಲ ಬಾಯಿಟ್ರೆ ಸಾಕು, ಮತ್ತೆ ಹತ್ರ ಬರಲ್ಲ ನೋಡು, ಹಾಗೇ ಆಯಿತು, ಅತ್ತು ಅತ್ತು ಮಗು ಮರೆತೇಬಿಟ್ಟಿತು, ಮಕ್ಕಳು ಮರೆಯುತ್ತವೆ, ದೇವರೇ, ಇದನ್ನೂ ಮರೆಯಲಿ, ನಿಮ್ಮ ಕಾಯಿಲೆ ಲಿವರಿಗೂ ಹರಡಿದೆ ಎಂದ ಡಾಕ್ಟರು ಟಿಶ್ಯೂ ಡಬ್ಬಿಯನ್ನು ಮೆಲ್ಲಗೆ ಈ ಕಡೆ ಸರಿಸಿದಾಗಲೂ ತಲೆಯಲ್ಲಿ ತಿರುಗುತ್ತಿದ್ದದ್ದು ಒಂದೇ, ಪ್ರಣತಿ ಬೇರೆ ಯಾರ ಕೈಯಲ್ಲೂ ಉಣ್ಣುವುದಿಲ್ಲ, ಕಳೆದ ಸಲ ತಾನು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಬರೀ ಬಿಸ್ಕತ್ತು, ನೀರು, ವಾಪಸು ಬಂದಾಗ ಮಗುವಿನ ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು, ಇನ್ನು ವಾಪಸು ಬರದೇ ಹೋದರೆ — ಸೋಫಾದ ಮುಂದೆ ನೆಲದ ಮೇಲೆ ಪ್ರತಾಪ್ ಮೊಸರನ್ನ ಕಲಸಿಕೊಂಡು ಕೂತಿದ್ದಾನೆ, ಪಾಪ, ತುತ್ತನ್ನು ಚೆಂಡಿನ ಹಾಗೆ ಹಿಸುಕುತ್ತಾನೆ, ಇದು ತಾತನ ತುತ್ತು, ಇದು ಎಮ್‌ಆರ್‌ಟಿ ರೈಲಿನ ತುತ್ತು, ನೆಕ್ಸ್ಟ್ ಸ್ಟೇಷನ್ ಚೋವಾ ಚು ಕಾಂಗ್, ಡೋರ್ ಓಪನ್ ಮಾಡು ಪುಟ್ಟಿ, ಹಾಗಲ್ಲ ಲಾ ಅಪ್ಪ, ಇಲ್ಲಿಯ ಮಕ್ಕಳಿಂದ ಕಲಿತ ಲಾ ಪ್ರಣತಿಗೆ ಮಾತುಮಾತಿಗೂ, ನಿಂಗೆ ಬರಲ್ಲ, ಅಮ್ಮನೇ ಕೊಡ್ಲಿ, ತಟ್ಟೆ ಎತ್ತಿಕೊಂಡು ಬಂದೇಬಿಟ್ಟಿತು, ಹಿಂದೆಯೇ ಅವನ ದನಿ, ಅರೂ, ಇವತ್ತೊಂದಿನ ಕೊಟ್ಬಿಡೆ, ನಾಳೆಯಿಂದ ನಾನು ನೋಡ್ಕೋತೀನಿ, ನಾಳೆ, ನಾಳೆ ಎನ್ನುವುದು ಇವನ ಮನೆಯ ಆಸ್ತಿ, ಬೇವಿನ ವಿಷಯ ಅವನಿಗೆ ಹೇಳಿಲ್ಲ, ಹೇಳಿದರೆ ಕೈ ತೊಳೆಸಿಬಿಡುತ್ತಾನೆ, ಅಜ್ಜ ರಾಗವಾಗಿ ಓದುತ್ತಿದ್ದ ಕಾವ್ಯಗಳಲ್ಲಿ ತಾಯಂದಿರು ಮಕ್ಕಳಿಗೆ ಆಯುಸ್ಸು ಬೇಡುತ್ತಿದ್ದರು, ರಾಜ್ಯ ಬೇಡುತ್ತಿದ್ದರು, ನನ್ನ ಕೈರುಚಿಯನ್ನು ಇದರ ನಾಲಗೆಯಿಂದ ಅಳಿಸಿಬಿಡು ಎಂದು ಬೇಡಿದವಳು ಯಾವ ಸಂಧಿಯಲ್ಲೂ ಬರಲಿಲ್ಲ, ತಾನು ಯಾವ ಮಾತಿನಲ್ಲಿ ಬೇಡಬೇಕು, ಗೊತ್ತಿಲ್ಲ, ಕಲಸಿದಳು, ಆ ಬೆರಳುಗಳಿಂದಲೇ, ಕೊಟ್ಟಳು — ಮುಖ ಕಿವುಚಿತು, ಕಣ್ಣು ತುಂಬಿತು, ಉಗುಳು, ಉಗುಳಿಬಿಡು ಕಂದಾ, ಛೀ ಅಮ್ಮ ಅನ್ನು, ಅಪ್ಪನ ಹತ್ತಿರ ಓಡು, ಎಳೆಯ ಗಂಟಲು ಒಮ್ಮೆ ಆಡಿತು, ನುಂಗಿತು, ಬಿಟರ್ ಲಾ ಅಮ್ಮ, ಹೂಂ ಪುಟ್ಟಿ, ಅಮ್ಮನ ಕೈ ಇನ್ಮೇಲೆ ಹೀಗೇನೇ, ಅಪ್ಪನ ಕೈ ಸಿಹಿ, ಹೋಗು, ಹೋಗಮ್ಮ, ಹೋಗಲಿಲ್ಲ, ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡಿತು, ಪರ್ವಾಗಿಲ್ಲ, ಇನ್ನೊಂದು ಕೊಡು, ಕತ್ತೆತ್ತಿ ನಿಂತಿದೆ, ಹಾಲುಹಲ್ಲಿನ ಮೇಲೆ ಹಸಿರು ಗೆರೆ, ತೆರೆದ ಬಾಯಿ, ಬೆರಳು ಮೇಲೇಳುತ್ತಿಲ್ಲ, ತೆರೆದ ಬಾಯಿ, ಇನ್ನೂ ತೆರೆದೇ ಇರುವ ಬಾಯಿ —